ಮಧ್ಯಾಹ್ನಕ್ಕೇ ಮುಗಿಯುವ ಚಾರ್ಜು

ಮಾರ್ಚ್ ೪, ಸೋಮವಾರ

ಬೆಳಿಗ್ಗೆ ಪೂರ್ತಿ ತುಂಬಿಸಿಟ್ಟ ಚಾರ್ಜು ಮಧ್ಯಾಹ್ನ ಅನ್ನಕ್ಕೆ ಕೂರುವ ಹೊತ್ತಿಗೆ ಮುಗಿದು ಫೋನು ಕಪ್ಪಗೆ ಮಲಗಿತ್ತು. ನಿನ್ನೆಯೂ ಹೀಗೇ, ಮೊನ್ನೆಯೂ ಹೀಗೇ. ನಾನೇನು ಇದರಲ್ಲಿ ಸಿನಿಮಾ ನೋಡುತ್ತೇನೆಯೇ, ಹಾಡು ಕೇಳುತ್ತೇನೆಯೇ? ಯಾರಾದರೂ ಕರೆದರೆ ಎತ್ತುವುದು, ಕರೆಯದಿದ್ದರೆ ಸುಮ್ಮನಿರುವುದು. ಇಷ್ಟಕ್ಕೇ ಇದು ಸುಸ್ತಾಗುವುದಾದರೆ, ಪಿಚಿತ್ ಜಿಲ್ಲೆಯ ಶಾಲೆ ಶಾಲೆ ಅಲೆದು ಮಕ್ಕಳ ಬಾಯಿ ತೆರೆಸಿ ಹುಳುಕು ಹಲ್ಲು ಹುಡುಕಿದ ನಾನು ಎಷ್ಟು ಸುಸ್ತಾಗಬೇಕಿತ್ತು! ನಿವೃತ್ತಿಯಾದರೂ ನನ್ನ ಚಾರ್ಜು ಸಂಜೆಯವರೆಗೆ ಬರುತ್ತದೆ.

ಸೆಖೆಗೆ ಹೀಗಾಗುತ್ತಿರಬೇಕು. ಇಲ್ಲವಾದರೆ ಆ ಗುಂಪಿನಿಂದ. ನಾಂಗ್ ಪ್ಲೋಂಗ್ ಶಾಲೆಯ ‘ಹಳೆಯ ಮಕ್ಕಳ’ ಗುಂಪು ಎಂದು ನಮ್ಮ ವಿಚಿಯನ್ ಮೇಷ್ಟ್ರು ಮಾಡಿದ್ದು. ಮಕ್ಕಳಿಗೆಲ್ಲ ಅರವತ್ತು ದಾಟಿದೆ, ಅರ್ಧಕ್ಕರ್ಧ ಮಕ್ಕಳ ಬಾಯಲ್ಲಿ ಸ್ವಂತ ಹಲ್ಲಿಲ್ಲ. ಬೆಳಕು ಹರಿಯುವ ಮೊದಲೇ ಮೇಷ್ಟ್ರ ಶುಭೋದಯ ಬರುತ್ತದೆ. ಅದರ ಹಿಂದೆ ಉಳಿದವರದು. ಸೋಮವಾರಕ್ಕೆ ಹಳದಿ ಗುಲಾಬಿ, ಮಂಗಳವಾರಕ್ಕೆ ಗುಲಾಬಿ ಬಣ್ಣದ ಕಮಲ, ಬುಧವಾರ ಹಸಿರು, ಗುರುವಾರ ಕಿತ್ತಳೆ, ಶುಕ್ರವಾರ ತಿಳಿನೀಲಿ, ಶನಿವಾರ ನೇರಳೆ, ಭಾನುವಾರ ಕೆಂಪು. ನಮ್ಮಲ್ಲಿ ವಾರವಾರಕ್ಕೂ ಒಂದೊಂದು ಬಣ್ಣ, ಅದು ತಪ್ಪುವಂತಿಲ್ಲ. ಹೂವಿನ ಪಕ್ಕ ಒಂದು ಕಾಫಿ ಕಪ್ಪು, ಕೆಳಗೆ ‘ನಿಮ್ಮ ದಿನ ಸುಖಮಯವಾಗಲಿ’. ನಮಗೆಲ್ಲ ಕಾಫಿ ಕುಡಿಯಬೇಡಿ ಎಂದು ವೈದ್ಯರು ಹೇಳಿ ವರ್ಷಗಳಾದವು.

ನಾನು ಅದನ್ನೆಲ್ಲ ತೆರೆದು ನೋಡುವವಳಲ್ಲ. ಇವತ್ತು ಸಮ್ಲಿ ಕಳಿಸಿದ್ದು ಒಂದು ಬಟ್ಟಲು ಅರಿಸಿನ. ಕಣ್ಣಿಗೆ ಬಿತ್ತು, ಅಷ್ಟೆ.

ಮಾರ್ಚ್ ೫, ಮಂಗಳವಾರ

ಇವತ್ತು ಹನ್ನೆರಡಕ್ಕೇ ಆರಿತು.

ಸಮ್ಲಿ ನನ್ನ ತಂಗಿ. ತಪಾನ್ ಹಿನ್‌ನಲ್ಲಿದ್ದಾಳೆ, ರೈಲಿನಲ್ಲಿ ಕೂತು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಊರು ಬಂದುಬಿಡುತ್ತದೆ. ನಾವು ಮಾತು ಬಿಟ್ಟು ಎಂಟು ವರ್ಷ. ಅಮ್ಮ ತೀರಿಕೊಂಡಾಗ ಶವಪೆಟ್ಟಿಗೆಯ ಮುಂದೆ ಇಡಲು ದೊಡ್ಡ ಫೋಟೋ ಮಾಡಿಸುವ ಕೆಲಸ ಹಿರಿಯಳಾದ ನನ್ನ ಪಾಲಿಗೆ ಬಂತು. ಜೀವಮಾನವಿಡೀ ಎಲೆಅಡಿಕೆ ಜಗಿದ ಅಮ್ಮನ ಹಲ್ಲು ಇದ್ದಿಲಿನ ಹಾಗಿತ್ತು. ಫೋಟೋದಲ್ಲಿ ಬಾಯಿ ತುಂಬ ನಕ್ಕಿದ್ದಳು ಬೇರೆ. ಜಿಲ್ಲೆಗೆಲ್ಲ ಹಲ್ಲುಜ್ಜುವುದು ಕಲಿಸಿದವಳ ತಾಯಿ ಹೀಗೆ ನಗುತ್ತಾ ಕೂತರೆ ಜನ ಏನೆಂದುಕೊಂಡಾರು? ಸ್ಟುಡಿಯೋದವನಿಗೆ ಹೇಳಿ ಹಲ್ಲು ಬೆಳ್ಳಗೆ ಮಾಡಿಸಿದೆ. ಮೊದಲ ರಾತ್ರಿ ಭಿಕ್ಷುಗಳು ಸೂತ್ರ ಹೇಳಲು ಕೂತಿದ್ದಾಗಲೇ ಸಮ್ಲಿ ಎಲ್ಲರ ಎದುರು, “ಇದ್ಯಾರ ಫೋಟೋ? ನಮ್ಮಮ್ಮನ್ನ ಎಲ್ಲಿ ಬಚ್ಚಿಟ್ಟೆ?” ಎಂದಳು. ಅವತ್ತಿಗೆ ಮುಗಿಯಿತು.

ಪ್ರತಿ ಏಪ್ರಿಲಿನಲ್ಲಿ ಹೊಸವರ್ಷದ ಸೊಂಗ್‌ಕ್ರಾನ್ ಹಬ್ಬಕ್ಕೆ ಕಿರಿಯರು ಹಿರಿಯರ ಕೈಮೇಲೆ ನೀರೆರೆದು ತಪ್ಪಾಯಿತು ಎನ್ನಬೇಕು. ಅವಳು ಬರಲಿಲ್ಲ. ನಾನಂತೂ ಹಿರಿಯಳು, ನಾನಾಗಿ ಹೋಗುವ ಮಾತೇ ಇಲ್ಲ.

ಅವಳೂ ಅದೇ ಶಾಲೆಯವಳಾದ್ದರಿಂದ ಗುಂಪಿನಲ್ಲಿದ್ದಾಳೆ. ಎಲ್ಲರ ಹಾಗೆ ಹೂವು ಕಳಿಸಲು ಬರುವುದಿಲ್ಲ ಅವಳಿಗೆ. ತನ್ನ ಅಡುಗೆಮನೆಯಲ್ಲಿ ಕೈಗೆ ಸಿಕ್ಕಿದ್ದರ ಚಿತ್ರ ತೆಗೆದು ಹಾಕುತ್ತಾಳೆ. ಬಣ್ಣ ಮಾತ್ರ ಸರಿಯಾಗಿರುತ್ತದೆ, ಮಾತು ಒಂದೂ ಇರುವುದಿಲ್ಲ. ಇವತ್ತು ತಟ್ಟೆಯಲ್ಲಿ ಪನ್ನೇರಳೆ ಹಣ್ಣು, ತೆಳು ಗುಲಾಬಿ. ಒಂದಕ್ಕೆ ಹಕ್ಕಿ ಕಚ್ಚಿದೆ. ತಟ್ಟೆಯ ಅಂಚು ಒಡೆದಿದೆ, ಆದರೂ ಎಸೆದಿಲ್ಲ. ಕಿಟಕಿಯ ಪರದೆ ಹೊಸದು.

ಮಾರ್ಚ್ ೮, ಶುಕ್ರವಾರ

ಸೆಖೆಯೇ ಕಾರಣ ಎಂದು ನಿರ್ಧರಿಸಿ ಫೋನನ್ನು ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟೆ. ಆಗಾಗ ಬಾಗಿಲು ತೆರೆದು, ಬಟ್ಟೆ ಬಿಡಿಸಿ, ಗುಂಪು ನೋಡಿ, ಮತ್ತೆ ಸುತ್ತಿ ಇಟ್ಟೆ. ಚಾರ್ಜು ಹೇಗಿದೆ ಎಂದು ನೋಡಲು, ಬೇರೇನಕ್ಕೂ ಅಲ್ಲ. ಆದರೂ ಒಂದು ಗಂಟೆಗೆ ಆರಿತು. ಈಗ ಫೋನು ಹುದುಗಿಸಿದ ಮೀನಿನ ವಾಸನೆ ಹೊಡೆಯುತ್ತಿದೆ, ಕಿವಿಗಿಟ್ಟುಕೊಳ್ಳಲು ಆಗುವುದಿಲ್ಲ.

ತಿಳಿನೀಲಿಗೆ ಸಮ್ಲಿ ಏನು ಮಾಡುತ್ತಾಳೋ ಎಂದುಕೊಂಡಿದ್ದೆ. ಅಡುಗೆಮನೆಯಲ್ಲಿ ನೀಲಿ ಎಲ್ಲಿ ಸಿಗಬೇಕು? ಶಂಖಪುಷ್ಪ ಹಾಕಿ ಬೇಯಿಸಿದ ಅನ್ನ. ಜಾಣೆ.

ಬಲಗೈ ತೋರುಬೆರಳಿಗೆ ಬಟ್ಟೆ ಸುತ್ತಿದ್ದಾಳೆ, ಚಿತ್ರದ ಮೂಲೆಯಲ್ಲಿ ಕಾಣುತ್ತದೆ. ಕುಯ್ದುಕೊಂಡಿರಬೇಕು. ಚಿಕ್ಕವಳಿದ್ದಾಗಿನಿಂದ ಚಾಕು ಹಿಡಿಯುವುದು ಸರಿ ಇಲ್ಲ. ನನಗೇನು.

ಮಾರ್ಚ್ ೧೧, ಸೋಮವಾರ

ರೈಲ್ವೆ ನಿಲ್ದಾಣದ ಎದುರಿನ ಸಾಲಿನಲ್ಲಿ ಮುಯ್ ಎಂಬುವಳ ಫೋನ್ ರಿಪೇರಿ ಅಂಗಡಿ ಇದೆ. ನನ್ನನ್ನು ಕಂಡದ್ದೇ ಅವಳ ಕೈ ಬಾಯಿಗೆ ಹೋಯಿತು. ಈ ಊರಿನ ನಡುವಯಸ್ಸಿನವರೆಲ್ಲ ನನ್ನೆದುರು ಹೀಗೇ ಮಾಡುತ್ತಾರೆ. ನಾನು ಡಾಕ್ಟರಲ್ಲ, ಬರೀ ಹಲ್ಲಿನ ನರ್ಸು. ಆದರೂ ಎಲ್ಲರಿಗೂ ಡಾಕ್ಟ್ರಮ್ಮನೇ.

ಫೋನು ಬಿಚ್ಚಿ ಮೂಸಿ ನೋಡಿ ಮುಖ ಕಿವಿಚಿದಳು.

“ಇದೇನು ಡಾಕ್ಟ್ರಮ್ಮಾ, ಮೀನಿನ ಗಡಿಗೇಲಿ ಬಿದ್ದಿತ್ತಾ?”

“ಅದನ್ನ ಕಟ್ಕೊಂಡು ನಿಂಗೇನು? ಚಾರ್ಜು ಯಾಕೆ ನಿಲ್ತಿಲ್ಲ ಹೇಳು.”

“ಬ್ಯಾಟ್ರಿ ಹಳೇದಾಗಿದೆ. ಹೊಸದು ಹಾಕ್ತೀನಿ, ಎರಡು ದಿನ ಬರುತ್ತೆ. ಬರ್ಲಿಲ್ಲ ಅಂದ್ರೆ ನನ್ನ ಹಲ್ಲು ಕಿತ್ತುಬಿಡಿ.”

“ಒಂದ್ಸಲ ಕಿತ್ತಾಗಿದೆ. ಎರಡನೇ ಕ್ಲಾಸಲ್ಲಿ ನನ್ನ ಬೆರಳು ಕಚ್ಚಿದವಳು ನೀನೇ ಅಲ್ವಾ?”

ಕೆಂಪಗಾದಳು. ಹೊಸ ಬ್ಯಾಟರಿ ಹಾಕಿಸಿಕೊಂಡು ಬಂದೆ. ಹಾಕುವಷ್ಟು ಹೊತ್ತು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದೆ, ಕೈಯಲ್ಲಿ ಏನೂ ಇಲ್ಲದೆ ಹೊತ್ತೇ ಹೋಗಲಿಲ್ಲ.

ಮಾರ್ಚ್ ೧೨, ಮಂಗಳವಾರ

ಮಧ್ಯಾಹ್ನ ಎರಡು. ಆರಿತು. ಹೊಸ ಬ್ಯಾಟರಿ!

ಮಾರ್ಚ್ ೧೭, ಭಾನುವಾರ

ಮುಯ್ ಹತ್ತಿರ ಜಗಳಕ್ಕೇ ಹೋದೆ. ಮೊದಲು ಹೊಸ ಚಾರ್ಜರು ಮಾರಲು ನೋಡಿದಳು. ನಾನು ಮುಖ ಸಿಂಡರಿಸಿಕೊಂಡು ಅವಳ ಬಾಯನ್ನೇ ನೋಡುತ್ತ ನಿಂತೆ, ಚಾರ್ಜರು ಒಳಗಿಟ್ಟಳು. ಆಮೇಲೆ ಫೋನಿನಲ್ಲಿ ಎಲ್ಲೆಲ್ಲೋ ಒತ್ತಿ ಒಂದು ಪುಟ ತೆರೆದಳು. ಯಾವುದು ಎಷ್ಟು ಚಾರ್ಜು ತಿಂದಿದೆ ಎಂದು ಅದು ತೋರಿಸುತ್ತದಂತೆ.

“ನೋಡಿ ಡಾಕ್ಟ್ರಮ್ಮಾ, ಮುಕ್ಕಾಲು ಪಾಲು ತಿಂದಿರೋದು ಈ ಗುಂಪುಗಳ ಹರಟೆ. ಅದೂ ಪರದೆ ಉರೀತಿರುವಾಗ.”

“ಅಂದ್ರೆ?”

“ಅಂದ್ರೆ ನೀವು ನೋಡ್ತಾ ಕೂತಿರುವಾಗ.”

“ನಾನಾ? ನಾನು ಅದನ್ನ ತೆರೆಯೋದೇ ಇಲ್ಲ.”

ಅವಳು ಅದನ್ನು ಒತ್ತಿದಳು. ಪರದೆಯ ತುಂಬ ಕೆಂಪು ಮೆಣಸಿನಕಾಯಿ ಬಂದು ನಿಂತಿತು. ಮೊರದಲ್ಲಿ ಒಣಗಲು ಹರವಿದ್ದು, ಅದೂ ಎಷ್ಟು ದೊಡ್ಡದಾಗಿತ್ತೆಂದರೆ ಬೀಜ ಎಣಿಸಬಹುದಿತ್ತು.

“ಈ ಮೆಣಸಿನಕಾಯಿ ಯಾರ್ದು?”

“ಯಾರದೋ. ಕೈ ತಗುಲಿ ದೊಡ್ಡದಾಗಿರ್ಬೇಕು.”

“ಬೆಳಕನ್ನೂ ಪೂರ್ತಿ ಏರಿಸಿಟ್ಟಿದ್ದೀರಿ.”

“ವಯಸ್ಸಾದ್ಮೇಲೆ ನಿಂಗೂ ಗೊತ್ತಾಗುತ್ತೆ.”

ನಕ್ಕಳು. ಕೆಳಸಾಲಿನಲ್ಲಿ ಒಂದು ಹಲ್ಲು ಸೊಟ್ಟ, ಆಗಲೇ ಸರಿಪಡಿಸಬಹುದಿತ್ತು. ಈ ಯಂತ್ರಗಳು ಸುಳ್ಳು ಹೇಳುತ್ತವೆ ಎಂದು ಸಾಬೀತು ಮಾಡದೆ ನನಗೆ ಸಮಾಧಾನವಿಲ್ಲ. ಗುಂಪಿನಿಂದಲೇ ಹೊರಬರುತ್ತೇನೆ, ಆಗಲೂ ಚಾರ್ಜು ಮುಗಿದರೆ ಏನೆನ್ನುತ್ತೀ ಎಂದು ಕೇಳಿದೆ. ಅವಳು ಗಾಬರಿಯಾದಳು.

“ಬೇಡಿ ಡಾಕ್ಟ್ರಮ್ಮಾ! ಸದ್ದು ಬೇಕಾದ್ರೆ ನಿಲ್ಸಿ, ಹೊರಗೆ ಮಾತ್ರ ಹೋಗ್ಬೇಡಿ. ಹೋದ್ರೆ ಎಲ್ಲರ ಫೋನಲ್ಲೂ ಬರುತ್ತೆ, ಇಂಥವರು ಬಿಟ್ಟು ಹೋದ್ರು ಅಂತ. ಯಾರೂ ಬಿಡಲ್ಲ. ನಮ್ಮಜ್ಜ ಸತ್ತು ಎರಡು ವರ್ಷ ಆಯ್ತು, ಅವ್ರೇ ಇನ್ನೂ ಗುಂಪಲ್ಲಿದ್ದಾರೆ.”

ಮಾರ್ಚ್ ೧೮, ಸೋಮವಾರ

ಬಿಟ್ಟೆ. ಗುಂಪನ್ನು. ಬೆಳಿಗ್ಗೆ, ಎಲ್ಲರ ಹಳದಿ ಬಂದಾದ ಮೇಲೆ. ಸಮ್ಲಿಯದು ಹೋಳು ಮಾಡಿದ ಹಲಸಿನ ತೊಳೆ. ಬೆರಳಿನ ಬಟ್ಟೆ ಇನ್ನೂ ಬಿಚ್ಚಿಲ್ಲ, ಕೊಳೆಯಾಗಿದೆ.

ಈಗ ಸಂಜೆ ಆರು ಗಂಟೆ. ಚಾರ್ಜು ಮುಕ್ಕಾಲಿಗಿಂತ ಕೆಳಗಿಳಿದಿಲ್ಲ. ಎಂಥ ಒಳ್ಳೆಯ ಬ್ಯಾಟರಿ!

ಮಾರ್ಚ್ ೧೯, ಮಂಗಳವಾರ

ವಿಚಿಯನ್ ಮೇಷ್ಟ್ರು ಬಿಸಿಲೇರುವ ಮೊದಲೇ ಸೈಕಲ್ಲಿನಲ್ಲಿ ಬಂದರು. ಹಿಂದುಗಡೆ ಒಂದು ಚಿಪ್ಪು ಬಾಳೆಹಣ್ಣು ಕಟ್ಟಿದ್ದರು. ಕಾಯಿಲೆಯವರನ್ನು ನೋಡಲು ಹೋಗುವಾಗ ಒಯ್ಯುವ ಹಾಗೆ. ಅವರು ಹೆಡ್‌ಮಾಸ್ಟರಾಗಿ ನಿವೃತ್ತರಾದವರು, ನನ್ನದೇ ತರಗತಿಯಲ್ಲಿ ಓದಿದವರು. ಬಾಯಲ್ಲಿ ಒಂದು ಚಿನ್ನದ ಹಲ್ಲಿದೆ, ಗಂಭೀರ ಮಾತಾಡುವಾಗಲೂ ಅದು ಹೊಳೆಯುತ್ತದೆ.

“ಯಾರು ಏನಂದ್ರು ಹೇಳು ಪ್ರಯೂನ್. ನಾನು ಕರೆಸಿ ಮಾತಾಡ್ತೀನಿ.”

“ಯಾರೂ ಏನೂ ಅಂದಿಲ್ಲ ಮೇಷ್ಟ್ರೇ. ಫೋನಿನ ಚಾರ್ಜು ನಿಲ್ತಿರ್ಲಿಲ್ಲ.”

“ಚಾರ್ಜು!” ಎಂದರು. ಹೋಮ್‌ವರ್ಕ್ ಪುಸ್ತಕವನ್ನು ನಾಯಿ ತಿಂದುಹಾಕಿತು ಎಂದ ಹುಡುಗನನ್ನು ಹೇಗೆ ನೋಡುತ್ತಿದ್ದರೋ ಹಾಗೆ ನೋಡಿದರು.

“ನಿಜ ಹೇಳ್ತಿದ್ದೀನಿ. ಬೇಕಾದ್ರೆ ಮುಯ್‌ನ ಕೇಳಿ.”

“ಹೇಳೋಕೆ ಇಷ್ಟ ಇಲ್ದಿದ್ರೆ ಬೇಡ ಬಿಡಮ್ಮ. ಊರೆಲ್ಲಾ ಹೇಳ್ತಿದೆ, ಸಮ್ಲಿ ಮೇಲಿನ ಸಿಟ್ಟಿಗೇ ಹೋದ್ಲು, ಇಷ್ಟು ವರ್ಷ ಆದ್ರೂ ಅವಳಿದ್ದ ಕಡೆ ಇರಲ್ಲ ಅಂತ ತೋರ್ಸಿದ್ಲು ಅಂತ.”

ನನಗೆ ಉರಿದುಹೋಯಿತು. ಜೀವನದಲ್ಲಿ ಒಮ್ಮೆ ಯಾರ ಮೇಲೂ ಸಿಟ್ಟಿಲ್ಲದೆ ಒಂದು ಕೆಲಸ ಮಾಡಿದ್ದೆ, ಅದನ್ನು ಯಾರೂ ನಂಬುವುದಿಲ್ಲವಲ್ಲ! ಮತ್ತೆ ಸೇರಿಸಲೇ ಎಂದು ಕೇಳಿದರು. ಸೇರಿಸಿದರೆ ಅದೂ ಎಲ್ಲರ ಫೋನಿನಲ್ಲಿ ಬರುತ್ತದಂತೆ. ಹೋದಳು, ಬಂದಳು, ಹೋದಳು, ಬಂದಳು, ಸಂತೆಯೇ ಇದು? ಬೇಡ ಎಂದೆ.

ಬಾಳೆಹಣ್ಣು ಚೆನ್ನಾಗಿತ್ತು.

ಮಾರ್ಚ್ ೨೧, ಗುರುವಾರ

ಮೂರು ದಿನವಾದರೂ ಚಾರ್ಜಿಗೆ ಹಾಕಿಲ್ಲ. ಇನ್ನೂ ಅರ್ಧ ಇದೆ.

ಮಾರ್ಚ್ ೨೩, ಶನಿವಾರ

ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಬೇರೆ ವಿಶೇಷವಿಲ್ಲ.

ಮಾರ್ಚ್ ೨೬, ಬಹುಶಃ ಮಂಗಳವಾರ

ಚಾರ್ಜು ಇದೆ.

ಮಾರ್ಚ್ ಕೊನೆ

ಸಂತೆಗೆ ಹೋದರೆ ಸಂತೆಯೇ ಇರಲಿಲ್ಲ. ಮೂಲಂಗಿ ಮಾರುವವಳು, “ಸಂತೆ ನಿನ್ನೆ ಇತ್ತಲ್ಲ ಡಾಕ್ಟ್ರಮ್ಮಾ” ಎಂದಳು. ಗೋಡೆಯ ಮೇಲೆ ಕ್ಯಾಲೆಂಡರು ಇದೆ. ಆದರೆ ಅದರಲ್ಲಿ ತಿಂಗಳ ಎಲ್ಲ ದಿನವೂ ಇರುತ್ತವೆ, ಇವತ್ತು ಯಾವುದು ಎಂದು ಅದು ಹೇಳುವುದಿಲ್ಲ. ಫೋನಿನಲ್ಲಿ ಬರೆದಿರುತ್ತದಂತೆ, ಇರುವೆ ಗಾತ್ರದ ಅಕ್ಷರದಲ್ಲಿ. ಅಷ್ಟಕ್ಕೆ ಕನ್ನಡಕ ಹುಡುಕುವವರು ಯಾರು? ಮೊದಲೆಲ್ಲ ನನಗೆ ಹೇಗೆ ಗೊತ್ತಾಗುತ್ತಿತ್ತೋ, ಗೊತ್ತಾಗುತ್ತಿತ್ತು.

ಇವತ್ತು ಒಂದು ಬದನೆಕಾಯಿ ಕೊಂಡೆ. ಬೇಕಾಗಿರಲಿಲ್ಲ. ಬಣ್ಣ ಚೆನ್ನಾಗಿತ್ತು.

ಏಪ್ರಿಲ್ ೧

ಒಂದನೆಯ ತಾರೀಖು ಎಂದು ಪಿಂಚಣಿ ಬಂದದ್ದರಿಂದ ತಿಳಿಯಿತು. ಸಾಮಾನಿನ ಅಂಗಡಿಯಲ್ಲಿ ವಿಚಿಯನ್ ಮೇಷ್ಟ್ರು ಸಿಕ್ಕರು. ಮಾತಾಡಿಸದೆ ಹೋಗುವವರಿದ್ದರು, ನಾನೇ ಕರೆದೆ. ಗುಂಪಿನವರೆಲ್ಲ ಹೇಗಿದ್ದಾರೆ ಎಂದು ಸುಮ್ಮನೆ, ಮರ್ಯಾದೆಗೆ ಕೇಳಿದೆ.

“ಎಲ್ಲರೂ ಇದ್ದಾರೆ. ಸಮ್ಲಿ ಮಾತ್ರ ಚಿತ್ರ ಹಾಕೋದು ನಿಲ್ಸಿಬಿಟ್ಟಿದ್ದಾಳೆ.”

“ಯಾವಾಗಿಂದ?”

“ನೀನು ಹೋದೆಯಲ್ಲ, ಅದರ ಮಾರನೇ ದಿನದಿಂದ.”

“ಅವಳ ಫೋನಿನ ಚಾರ್ಜೂ ನಿಲ್ತಿಲ್ವೇನೋ,” ಎಂದೆ.

ಮೇಷ್ಟ್ರು ನಗಲಿಲ್ಲ. ಅಕ್ಕಿಯ ಚೀಲ ಕೆಳಗಿಟ್ಟರು.

“ಪ್ರಯೂನ್, ಆ ಅರಿಸಿನ, ಮೆಣಸಿನಕಾಯಿ, ಒಡೆದ ತಟ್ಟೆ, ಇದೆಲ್ಲ ಅವಳು ಯಾರಿಗೆ ಕಳಿಸ್ತಿದ್ಲು ಅಂತ ತಿಳ್ಕೊಂಡಿದ್ದೆ? ನಮಗೆ ಹೂವೇ ಸಾಕಾಗಿತ್ತು. ಅವಳು ಗುಂಪಿಗೆ ಸೇರುವಾಗ ಕೇಳಿದ್ದೇ ಒಂದು ಪ್ರಶ್ನೆ. ಅಕ್ಕ ಇದ್ದಾಳಾ ಅದ್ರಲ್ಲಿ ಅಂತ.”

ಮನೆಗೆ ಬಂದು ಜಗಲಿಯಲ್ಲಿ ಕೂತೆ. ಅಡುಗೆ ಮಾಡಲಿಲ್ಲ. ನನಗೆ ದುಃಖವಾಯಿತು. ಯಾರೂ ಓದುವುದಿಲ್ಲವಲ್ಲ, ಬರೆದರೆ ಏನಂತೆ. ಅವಳೇಕೆ ನನಗೆ ಹೇಳಲಿಲ್ಲ? ಹೇಳಿದ್ದರೆ ನಾನು ಬಿಡುತ್ತಿದ್ದೆನೇ? ಆ ಬೆರಳು ಏನಾಯಿತೋ. ಕೊಳೆ ಬಟ್ಟೆ ಸುತ್ತಿಕೊಂಡಿದ್ದಳು, ಕೀವಾಗಿದ್ದರೆ?

ಮೊನ್ನೆ ತುಂಬಿಸಿದ ಚಾರ್ಜು ಹಾಗೇ ಪೂರ್ತಿ ಇದೆ. ಏನು ಮಾಡಬೇಕು ಅದನ್ನು ಇಟ್ಟುಕೊಂಡು?

ಏಪ್ರಿಲ್ ೩, ಬುಧವಾರ

ಮುಯ್ ಅಂಗಡಿಗೆ ಹೋಗಿದ್ದೆ. ಗುಂಪು ಬಿಟ್ಟವರು ಗುಂಪಿನಲ್ಲಿದ್ದ ಒಬ್ಬರಿಗೆ, ಉದಾಹರಣೆಗೆ ಒಬ್ಬ ಸಂಬಂಧಿಕರಿಗೆ, ಬೇರೆಯಾಗಿ ಏನಾದರೂ ಕಳಿಸಬಹುದೇ ಎಂದು ಕೇಳಿದೆ.

“ಅವ್ರ ನಂಬರು ನಿಮ್ಮ ಹತ್ರ ಇದ್ಯಾ?”

“ಬಾಯಿಪಾಠ ಇದೆ.”

ಹೇಳಿದೆ. ಅವಳು ಪೂರ್ತಿ ಒತ್ತಿ ಮುಗಿಸುವ ಮೊದಲೇ ಸಮ್ಲಿಯ ಹೆಸರು ಎದ್ದು ಬಂತು. ಇಷ್ಟು ದಿನವೂ ಅದು ನನ್ನ ಫೋನಿನಲ್ಲೇ ಕೂತಿತ್ತಂತೆ.

“ಎಂಟು ವರ್ಷದಿಂದ ಮಾತಾಡ್ದೇ ಇರೋ ನಂಬರು ಬಾಯಿಪಾಠನಾ ಡಾಕ್ಟ್ರಮ್ಮಾ?” ಎಂದಳು. ಈ ಊರಿನಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತು. ಬಾಯಿ ಮುಚ್ಚು, ಸೊಟ್ಟ ಹಲ್ಲು ಕಾಣುತ್ತದೆ ಎಂದೆ.

ಅಂಗಳದ ಚಪ್ಪರದಲ್ಲಿ ಒಳ್ಳೆಯ ಹೀರೆಕಾಯಿ ಬಿಟ್ಟಿದೆ. ಬುಧವಾರಕ್ಕೆ ಹಸಿರು. ಬಳ್ಳಿಯಲ್ಲಿದ್ದಾಗ ತೆಗೆದರೆ ನೆರಳು ಬಿತ್ತು, ಕಿತ್ತು ತಟ್ಟೆಯಲ್ಲಿಟ್ಟರೆ ಸತ್ತ ಹಾವಿನ ಹಾಗೆ ಕಂಡಿತು. ಕೊನೆಗೆ ಒಂದು ಕೈಯಲ್ಲಿ ಹೀರೆಕಾಯಿ, ಒಂದು ಕೈಯಲ್ಲಿ ಫೋನು ಹಿಡಿದು ತೆಗೆದೆ. ಮಾತು ಬರೆಯಲಿಲ್ಲ. ಅವಳೂ ಬರೆಯುತ್ತಿರಲಿಲ್ಲ. ಕಣ್ಣು ಮುಚ್ಚಿ ಒತ್ತಿಬಿಟ್ಟೆ.

ಮೂವತ್ತು ವರ್ಷ ಅಳುವ ಮಕ್ಕಳಿಗೆ ಸೂಜಿ ಚುಚ್ಚಿದವಳು ನಾನು. ಕಣ್ಣು ಮುಚ್ಚಿಕೊಂಡಿದ್ದು ಇವತ್ತೇ.

ಅದೇ ದಿನ, ಏಪ್ರಿಲ್ ೪, ಗುರುವಾರ

ಮೇಲೆ ಬರೆದ ತಾರೀಖು ತಪ್ಪು. ಸಮ್ಲಿಯ ಉತ್ತರ ಬಂತು. ಎಂಟು ವರ್ಷದ ಮೇಲೆ ತಂಗಿ ಅಕ್ಕನಿಗೆ ಹೇಳಿದ ಮೊದಲ ಮಾತು:

‘ಇವತ್ತು ಗುರುವಾರ.’

ಅಕ್ಕಾ ಎಂದಿಲ್ಲ, ಚೆನ್ನಾಗಿದ್ದೀಯಾ ಎಂದಿಲ್ಲ. ಗುರುವಾರ! ನಾನು ಸಿಟ್ಟಿನಿಂದ ಫೋನನ್ನು ಮಂಚದ ಮೇಲೆ ಎಸೆದೆ. ಅಲ್ಲಿಂದಲೇ ಮತ್ತೆ ಟಿಣ್ ಎಂದಿತು.

‘ಹೆಬ್ಬೆರಳು ಅಡ್ಡ ಬಂದಿದೆ.’

ನೋಡಿದೆ. ಬಂದಿತ್ತು. ಹೀರೆಕಾಯಿಗಿಂತ ಹೆಬ್ಬೆರಳೇ ದೊಡ್ಡದಾಗಿ ಕಾಣುತ್ತಿತ್ತು.

ಸೋಲುವವಳು ನಾನಲ್ಲ. ಛತ್ರಿ ಹಿಡಿದು ಅಂಗಡಿ ಬೀದಿಗೆ ಓಡಿದೆ. ಕಿತ್ತಳೆ ಬಣ್ಣದ್ದು ಏನಿದೆ ಎಂದು ಕೇಳಿದರೆ ಹಣ್ಣಿನವನು, “ಯಾವ ಪೂಜೆಗೆ ಡಾಕ್ಟ್ರಮ್ಮಾ?” ಎಂದ. ಸಿಹಿಗುಂಬಳದ ಹೋಳು ತಂದು, ಹೆಬ್ಬೆರಳು ಮಡಚಿಕೊಂಡು, ಬಿಸಿಲಿಗೆ ಹಿಡಿದು ತೆಗೆದು ಕಳಿಸಿದೆ.

‘ಇದು ಹಳದಿ. ಸೋಮವಾರದ್ದು.’

‘ನಿನ್ನ ಕಣ್ಣಿಗೆ ಪೊರೆ ಬಂದಿದೆ. ಇದು ಕಿತ್ತಳೆ,’ ಎಂದು ಬರೆದೆ. ಒಂದೊಂದೇ ಅಕ್ಷರ ಒತ್ತಿ ಬರೆಯುವಷ್ಟರಲ್ಲಿ ಬೆವರು ಕಿತ್ತುಬಂತು.

ಆ ಕಡೆಯಿಂದ ಒಂದು ಚಿತ್ರ ಬಂತು, ಪಪ್ಪಾಯಿ ಹಣ್ಣು. ಸರಿಯಾದ ಕಿತ್ತಳೆ ಎಂದು ಒಪ್ಪಲೇಬೇಕು. ಬೆರಳಿನಲ್ಲಿ ಬಟ್ಟೆ ಇರಲಿಲ್ಲ. ವಾಸಿಯಾಗಿದೆ. ಗಾಯದ ಗುರುತು ಉದ್ದಕ್ಕೆ ಇದೆ, ದೊಡ್ಡದು ಮಾಡಿ ನೋಡಿದೆ. ಹೊಲಿಗೆ ಹಾಕಿಸಬೇಕಿತ್ತು, ಹಾಕಿಸಿಲ್ಲ.

ಏಪ್ರಿಲ್ ೫, ಶುಕ್ರವಾರ

ಬೆಳಿಗ್ಗೆ ನೀಲಿ ಬಕೆಟ್ಟು ಕಳಿಸಿದೆ. ಬಕೆಟ್ಟು ಅಡುಗೆಮನೆಯದಲ್ಲ, ಲೆಕ್ಕಕ್ಕಿಲ್ಲ ಎಂದಳು. ಅಂಥ ನಿಯಮ ಯಾರು ಮಾಡಿದರು ಎಂದೆ. ತಾನು ಮಾಡಿದೆ ಎಂದಳು. ಅದರ ಮೇಲೆ ಹತ್ತೂವರೆಯವರೆಗೆ ಮಾತು ನಡೆಯಿತು. ಹನ್ನೊಂದಕ್ಕೆ ಫೋನು ಆರಿತು.

ಮುಯ್‌ಗೆ ಉಗಿಯಬೇಕು. ಒಂದು ತಿಂಗಳೂ ಆಗಿಲ್ಲ, ಬ್ಯಾಟರಿ ಆಗಲೇ ಕೆಟ್ಟಿದೆ.

ಏಪ್ರಿಲ್ ೭, ಭಾನುವಾರ

ಮುಯ್ ಮತ್ತೆ ಆ ಪುಟ ತೆರೆದು ತೋರಿಸಲು ಬಂದಳು. ನೋಡುವುದಿಲ್ಲ ಎಂದೆ. “ಡಾಕ್ಟ್ರಮ್ಮಾ, ಬ್ಯಾಟ್ರಿಗೆ ಏನೂ ಆಗಿಲ್ಲ. ಸ್ವಲ್ಪ ಕಡಿಮೆ ನೋಡಿ,” ಎಂದಳು. ತನ್ನ ಕೆಲಸ ಸರಿಯಾಗಿ ಮಾಡದೆ ಗಿರಾಕಿಯ ಮೇಲೆ ಗೂಬೆ ಕೂರಿಸುವುದು ಈಗಿನವರ ಅಭ್ಯಾಸ.

ಕೆಂಪಿಗೆ ಟೊಮೆಟೊ ಕಳಿಸಿದ್ದೆ. ಈ ಸಲ ಹೆಸರಿಡಲಿಲ್ಲ. ಒಂದು ಹೃದಯದ ಗುರುತು ಬಂತು. ಕೈ ತಗುಲಿ ಬಂದಿರಬೇಕು.

ಏಪ್ರಿಲ್ ೯, ಮಂಗಳವಾರ

ಒಂದೂಕಾಲರ ರೈಲಿಗೆ ಹೊರಟಿದ್ದೇನೆ, ಅದಕ್ಕೆ ಮೊದಲು ಇಷ್ಟು ಬರೆದಿಡುತ್ತೇನೆ.

ಬೆಳಿಗ್ಗೆ ಫೋನು ಹೊಡೆದುಕೊಂಡಿತು. ಚಿತ್ರವಲ್ಲ, ಕರೆ. ಸಮ್ಲಿ. ಎತ್ತಲೋ ಬೇಡವೋ ಎಂದು ನೋಡುತ್ತಿರುವಾಗಲೇ ಬೆರಳು ಎತ್ತಿಬಿಟ್ಟಿತು.

“ಅಕ್ಕಾ,” ಎಂದಳು. ದನಿ ಅಮ್ಮನದೇ ಆಗಿಬಿಟ್ಟಿದೆ. ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದೆ.

“ಕೇಳಿಸ್ತಿದ್ಯಾ? ಇಷ್ಟು ಹೊತ್ತಾಯ್ತು, ಇನ್ನೂ ಗುಲಾಬಿ ಬಣ್ಣದ್ದು ಬಂದಿಲ್ಲವಲ್ಲ, ಹುಷಾರಿಲ್ವೇನೋ ಅಂತ ಮಾಡ್ದೆ.”

“ಹುಷಾರಾಗೇ ಇದ್ದೀನಿ. ಸಿಗಡಿ ಬೇಯೋಕಿಟ್ಟಿದ್ದೆ. ಬೆಂದ್ರೆ ತಾನೇ ಬಣ್ಣ ಬರೋದು?”

“ಅದಕ್ಕೋಸ್ಕರ ಸಿಗಡಿ ತಂದ್ಯಾ?”

“ತಿನ್ನೋಕೆ ತಂದೆ.”

“ನಿಂಗೆ ಸಿಗಡಿ ಮೈಗಾಗಲ್ಲ ಅಕ್ಕಾ. ತುರಿಕೆ ಬರುತ್ತೆ. ಮರೆತ್ಯಾ?”

ಮರೆತಿರಲಿಲ್ಲ. ಆ ಮಾತು ಬದಲಾಯಿಸಲು ಅವಳ ಬೆರಳಿನ ವಿಷಯ ತೆಗೆದೆ. ಹೊಲಿಗೆ ಯಾಕೆ ಹಾಕಿಸಲಿಲ್ಲ ಎಂದು ಬೈದೆ. “ಬೆರಳು ಕುಯ್ದಿದ್ದು ನಿಂಗೆ ಹೇಗೆ ಗೊತ್ತು?” ಎಂದಳು. ಯಾರೋ ಹೇಳಿದರು ಎಂದೆ. “ಯಾರಿಗೂ ಹೇಳಿಲ್ವಲ್ಲ ನಾನು,” ಎಂದಳು. ಆಮೇಲೆ ಅವಳ ಮಂಡಿನೋವು, ನನ್ನ ರಕ್ತದೊತ್ತಡ, ಯಾರ್ಯಾರು ಸತ್ತರು, ಯಾರ ಮಗಳು ಯಾರ ಜೊತೆ ಓಡಿಹೋದಳು, ಎಲ್ಲ ಬಂತು. ನಡುವೆ ಮೂರು ಸಲ ಜಗಳವಾಯಿತು. ಸಿಗಡಿ ತಳ ಹತ್ತಿತು. ನಾನು ಒಲೆ ಆರಿಸಿ ಬಂದು ಮತ್ತೆ ಕೂತೆ. ಅವಳು ಕಾಯುತ್ತಿದ್ದಳು.

ಆಮೇಲೆ ದನಿ ತಗ್ಗಿಸಿದಳು. ಅವಳು ದನಿ ತಗ್ಗಿಸಿದರೆ ಏನೋ ಇದೆ ಎಂದೇ ಅರ್ಥ.

“ಅಕ್ಕಾ, ಎಂಟು ವರ್ಷದಿಂದ ನಿಂಗೊಂದು ಮಾತು ಹೇಳ್ಬೇಕು ಅಂತಿದ್ದೀನಿ. ಈಗ ಹೇಳಿಬಿಡ್ತೀನಿ. ಮಧ್ಯೆ ಬಾಯಿ ಹಾಕ್ಬೇಡ, ಪೂರ್ತಿ ಕೇಳು. ಅವತ್ತು ನಾನು...”

ಫೋನು ಆರಿತು.

ಕಪ್ಪು ಪರದೆಯಲ್ಲಿ ನನ್ನದೇ ಮುಖ ಕಾಣುತ್ತಿತ್ತು, ಬಾಯಿ ತೆರೆದುಕೊಂಡಿದ್ದೆ. ಎಷ್ಟು ಒತ್ತಿದರೂ ಏಳಲಿಲ್ಲ. ಚಾರ್ಜಿಗೆ ಚುಚ್ಚಿದೆ. ಖಾಲಿ ಬ್ಯಾಟರಿಯ ಚಿತ್ರ ಬಂದು ಕೂತಿತು, ಮುಂದಕ್ಕೆ ಹೋಗಲಿಲ್ಲ. ಆ ಕಡೆ ಸಮ್ಲಿ ಏನೆಂದುಕೊಂಡಿರಬೇಕು? ಬಾಯಿಬಿಟ್ಟು ಹೇಳಲು ಹೊರಟ ತಕ್ಷಣ ಅಕ್ಕ ಕರೆ ಕಡಿದಳು ಎಂದೇ ತಾನೇ? ಗುಂಪು ಬಿಟ್ಟಾಗ ಇಡೀ ಊರು ಹಾಗೇ ಅಂದುಕೊಂಡಿತು. ಚಾರ್ಜು ಮುಗಿಯಿತು ಎಂದರೆ ನಂಬುವವರು ಯಾರು? ವಿಚಿಯನ್ ಮೇಷ್ಟ್ರೇ ನಂಬಲಿಲ್ಲ.

ಸೊಂಗ್‌ಕ್ರಾನ್ ಹಬ್ಬಕ್ಕೆ ಇನ್ನೂ ನಾಲ್ಕು ದಿನ ಇದೆ. ಹಿರಿಯಳು ಹಬ್ಬಕ್ಕೆ ಮೊದಲೇ ಕಿರಿಯಳ ಬಾಗಿಲಿಗೆ ಹೋಗುವುದು ಪದ್ಧತಿಯಲ್ಲ. ಆದರೆ ನಾನು ಹೋಗುತ್ತಿರುವುದು ಹಬ್ಬಕ್ಕೂ ಅಲ್ಲ, ರಾಜಿಗೂ ಅಲ್ಲ. ಬ್ಯಾಟರಿ ಕೆಟ್ಟಿದೆ ಎಂದು ಹೇಳುವುದಕ್ಕೆ. ಅವಳು ಮಾತು ಮುಗಿಸಿದರೆ ಕೇಳಿಸಿಕೊಂಡು ಬರುತ್ತೇನೆ. ಬೈಗುಳವಾಗಿದ್ದರೂ ಸರಿ, ಪೂರ್ತಿ ಕೇಳಬೇಕು.

ಫೋನನ್ನು ಚಾರ್ಜಿಗೆ ಹಾಕಿ ಮನೆಯಲ್ಲೇ ಬಿಟ್ಟಿದ್ದೇನೆ. ಅದು ತುಂಬುವವರೆಗೆ ಕಾಯಲು ನನಗೆ ಪುರುಸೊತ್ತಿಲ್ಲ.